ವಿಯೆಟ್ನಾಂನಿಂದ ಮರಳಿದ ಸೈನಿಕರು, ಹೆರಾಯಿನ್ ಮತ್ತು ಶೇಕಡಾವಾರು ಗೊಂದಲ

ವ್ಯಸನ ಚಿಕಿತ್ಸೆಯ ಪಾಠದಲ್ಲಿ ಸೈನಿಕರ ಭಾಗ ಬಂತೆಂದರೆ ಸಂಶೋಧಕಿ ಲೀ ರಾಬಿನ್ಸ್ ಅವರ ಅಧ್ಯಯನ ಬಂದೇ ಬರುತ್ತದೆ. ಹೆಚ್ಚಿನ ನೋಟ್ಸ್‌ಗಳಲ್ಲಿ ಅದು ಒಂದೇ ಸಾಲಿಗೆ ಮುಗಿದುಹೋಗಿರುತ್ತದೆ: ವಿಯೆಟ್ನಾಂನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕನ್ ಸೈನಿಕರಲ್ಲಿ ಶೇ. 95ರಷ್ಟು ಮಂದಿ ಊರಿಗೆ ಬಂದ ಮೇಲೆ ಬಿಟ್ಟುಬಿಟ್ಟರು. ಸಾಲು ಸುಳ್ಳಲ್ಲ. ಆದರೆ ಇಷ್ಟನ್ನೇ ಉರು ಹೊಡೆದರೆ, 'ಹಾಗಾದರೆ ಸೇನೆಗೆ ಚಿಕಿತ್ಸಾ ಕಾರ್ಯಕ್ರಮ ಯಾಕೆ ಬೇಕು?' ಎಂಬ ಮರುಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನನಗೆ ಕಷ್ಟವಾದದ್ದು ಇತಿಹಾಸವಲ್ಲ, ಅದರೊಳಗಿನ ಲೆಕ್ಕ. ಆದ್ದರಿಂದ ಈ ಟಿಪ್ಪಣಿಯಲ್ಲಿ ಲೆಕ್ಕದ್ದೇ ಸಿಂಹಪಾಲು.

ಹಿನ್ನೆಲೆ, ಬೇಗ ಬೇಗ

1971ರ ಮೇ ತಿಂಗಳು. ವಿಯೆಟ್ನಾಂಗೆ ಹೋಗಿಬಂದ ಇಬ್ಬರು ಅಮೆರಿಕನ್ ಸಂಸದರು, ರಾಬರ್ಟ್ ಸ್ಟೀಲ್ ಮತ್ತು ಮಾರ್ಗನ್ ಮರ್ಫಿ, ಅಲ್ಲಿನ ಸೈನಿಕರಲ್ಲಿ ಶೇ. 10ರಿಂದ 15ರಷ್ಟು ಮಂದಿಗೆ ಹೆರಾಯಿನ್ ಚಟವಿದೆ ಎಂದು ವರದಿ ಕೊಟ್ಟರು. ಜೂನ್ 17ರಂದು ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ಮೊದಲ ಶತ್ರು ಎಂದು ಕರೆದು, ಅದಕ್ಕೆಂದೇ ಒಂದು ಕಚೇರಿ ತೆರೆದರು. ಮುಖ್ಯಸ್ಥರಾಗಿ ಬಂದವರು ಇಲಿನಾಯ್‌ನಲ್ಲಿ ಮೆಥಡೋನ್ (ಹೆರಾಯಿನ್ ಬದಲಿಗೆ ಕೊಡುವ ಔಷಧಿ) ಚಿಕಿತ್ಸೆ ನಡೆಸುತ್ತಿದ್ದ ಮನೋವೈದ್ಯ ಜೆರೋಮ್ ಜಾಫಿ. ಅದೇ ತಿಂಗಳು ವಿಯೆಟ್ನಾಂನಲ್ಲಿ ಮೂತ್ರ ಪರೀಕ್ಷೆ ಶುರುವಾಯಿತು. ಸೈನಿಕರು ಅದಕ್ಕಿಟ್ಟ ಹೆಸರು 'ಆಪರೇಷನ್ ಗೋಲ್ಡನ್ ಫ್ಲೋ'. ನಿಯಮ ಸರಳ: ಮೂತ್ರ ಶುದ್ಧವಾಗಿದ್ದರೆ ಮಾತ್ರ ಊರಿನ ವಿಮಾನ. ಸಿಕ್ಕಿಬಿದ್ದವರನ್ನು ಸುಮಾರು ಒಂದು ವಾರ ಅಲ್ಲೇ ಇರಿಸಿಕೊಂಡು, ಅಮಲಿಳಿಸಿ, ಮತ್ತೆ ಪರೀಕ್ಷಿಸಿ ಕಳಿಸುತ್ತಿದ್ದರು. ಮೂತ್ರದಲ್ಲಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಕೋರ್ಟ್ ಮಾರ್ಷಲ್ ಮಾಡಬಾರದು ಎಂದು ಜಾಫಿ ಸೇನೆಯನ್ನು ಒಪ್ಪಿಸಿದ್ದರು. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಹೆರಾಯಿನ್ ಅಷ್ಟೊಂದು ಹಬ್ಬಿದ್ದೇಕೆ? ಅಗ್ಗ, ಅಚ್ಚ ಸರಕು, ಕೈಗೆ ಸುಲಭ. ಎಷ್ಟು ಅಚ್ಚವೆಂದರೆ ಚುಚ್ಚಿಕೊಳ್ಳುವ ಗೋಜೇ ಇಲ್ಲ, ಸಿಗರೇಟಿಗೆ ತುಂಬಿ ಸೇದಿದರೆ ಸಾಕು. ಮೇಲಾಗಿ ಗಾಂಜಾದ ಹಾಗೆ ವಾಸನೆ ಬಂದು ಹಿಡಿದುಕೊಡುವುದೂ ಇಲ್ಲ. ಗಾಂಜಾ ಮೇಲೆ ಬಿಗಿ ಹೆಚ್ಚಾಗಿದ್ದ ಕಾಲದಲ್ಲಿ ಇದು ಸಣ್ಣ ಅನುಕೂಲವಲ್ಲ.

ಅಧ್ಯಯನದ ರಚನೆ

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬಿನ್ಸ್ ಅವರಿಗೆ ಈ ಕೆಲಸ ಒಪ್ಪಿಸಿದ್ದು ಜಾಫಿ ಕಚೇರಿಯೇ. 1971ರ ಸೆಪ್ಟೆಂಬರ್‌ನಲ್ಲಿ ಮರಳಿದ ಭೂಸೇನೆಯ ಸಾಮಾನ್ಯ ದರ್ಜೆಯ ಸೈನಿಕರು ಸುಮಾರು 13,760. ಇವರಿಂದ ಎರಡು ಗುಂಪು ಆರಿಸಿದರು. ಒಂದು, ಎಲ್ಲರ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದ 'ಸಾಮಾನ್ಯ ಗುಂಪು'. ಇನ್ನೊಂದು, ಹೊರಡುವಾಗ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಂದಲೇ ಆರಿಸಿದ 'ಪಾಸಿಟಿವ್ ಗುಂಪು'. ಎರಡೂ ಗಾತ್ರದಲ್ಲಿ ಹೆಚ್ಚುಕಡಿಮೆ ಸಮ, ಐನೂರರ ಆಸುಪಾಸು. ಊರಿಗೆ ಬಂದು 8ರಿಂದ 12 ತಿಂಗಳಾದ ಮೇಲೆ ಮನೆಗೇ ಹೋಗಿ ಸಂದರ್ಶನ ಮಾಡಿ, ಅಲ್ಲೇ ಮೂತ್ರದ ಮಾದರಿಯನ್ನೂ ಕೇಳಿ ಪಡೆದರು. ಮೂರು ವರ್ಷದ ಹೊತ್ತಿಗೆ ಇನ್ನೊಂದು ಸುತ್ತು.

ತಲೆ ಕೆಡಿಸುವ ಜಾಗ

ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಶೇ. 20, ಶೇ. 10, ಶೇ. 75, ಶೇ. 7, ಶೇ. 5, ಶೇ. 1 ಎಲ್ಲವೂ ಬರುತ್ತವೆ. ಯಾವುದು ಯಾವುದರ ಶೇಕಡಾ? ಇದಕ್ಕೆ ನಾನು ಇಟ್ಟುಕೊಂಡ ಸೂತ್ರ ಮೂರು ಪ್ರಶ್ನೆ. ಯಾರಲ್ಲಿ? ಯಾವಾಗ? ಹೇಗೆ ಗೊತ್ತಾಯಿತು? ಸಂಖ್ಯೆ ಕಂಡಕೂಡಲೇ ಪಕ್ಕದಲ್ಲಿ ಈ ಮೂರನ್ನೂ ಬರೆಯಿರಿ. ಬರೆಯಲಾಗದಿದ್ದರೆ ಆ ಸಂಖ್ಯೆಯನ್ನು ಉತ್ತರದಲ್ಲಿ ಬಳಸಬೇಡಿ.

ಈಗ ಸಾವಿರ ಜನರನ್ನು ವಿಮಾನ ನಿಲ್ದಾಣದಲ್ಲಿ ನಿಲ್ಲಿಸೋಣ.

ಸಾಮಾನ್ಯ ಗುಂಪಿನ ಪ್ರಕಾರ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಲ್ಲಿ ಅಫೀಮು ಜಾತಿಯ ಯಾವುದಾದರೊಂದನ್ನು ರುಚಿ ನೋಡಿದ್ದರು. ತಮಗೆ ಚಟವೇ ಹತ್ತಿತ್ತು ಎಂದವರು ಶೇ. 20. ಅಂದರೆ ಸಾವಿರಕ್ಕೆ 200. (ಯಾರಲ್ಲಿ: ಎಲ್ಲರಲ್ಲಿ. ಯಾವಾಗ: ಅಲ್ಲಿದ್ದ ಅವಧಿಯಲ್ಲಿ ಎಂದಾದರೂ. ಹೇಗೆ: ಅವರೇ ಹೇಳಿದ್ದು.)

ಹೊರಡುವಾಗ ಮೂತ್ರದಲ್ಲಿ ಸಿಕ್ಕಿಬಿದ್ದವರು ಸರಿಸುಮಾರು ಶೇ. 10. ಸಾವಿರಕ್ಕೆ 100. (ಯಾವಾಗ: ಆ ಕೆಲವು ದಿನ ಮಾತ್ರ. ಹೇಗೆ: ಲ್ಯಾಬ್.)

ಚಟವಿದ್ದವರು 200, ಸಿಕ್ಕಿದ್ದು 100. ಅಂದರೆ ಸಿಕ್ಕ ನೂರೂ ಮಂದಿ ಆ ಇನ್ನೂರರೊಳಗಿನವರೇ? ಅಲ್ಲ. ಪಾಸಿಟಿವ್ ಗುಂಪಿನಲ್ಲಿ ತಮಗೆ ಚಟವಿತ್ತು ಎಂದು ಒಪ್ಪಿದವರು ಮುಕ್ಕಾಲು ಪಾಲು. ಹಾಗಾಗಿ ಸಿಕ್ಕ 100ರಲ್ಲಿ ಚಟದವರು 75. ಉಳಿದ 25 ಮಂದಿ ಬಳಸಿದ್ದರು, ಚಟವಿತ್ತು ಎಂದು ಹೇಳಲಿಲ್ಲ. ಮೂತ್ರ ಪರೀಕ್ಷೆ ಹಿಡಿಯುವುದು ಇತ್ತೀಚಿನ ಬಳಕೆಯನ್ನು, ವ್ಯಸನವನ್ನಲ್ಲ ಎಂಬ ಪಾಠ ಈ 25ರಲ್ಲೇ ಇದೆ.

ಇನ್ನು 200ರಲ್ಲಿ 75 ಕಳೆದರೆ 125. ಚಟ ಹತ್ತಿತ್ತು ಎಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೇಟು ದಾಟಿದ್ದಾರೆ! ಹೇಗೆ? ಕೆಲವರಿಗೆ ಚಟ ಆ ಹೊತ್ತಿಗಾಗಲೇ ಬಿಟ್ಟಿರಬಹುದು ('ಎಂದಾದರೂ' ಎಂಬ ಮಾತಿನೊಳಗೆ ಇದು ಅಡಗಿದೆ). ಇನ್ನು ಕೆಲವರು ಪರೀಕ್ಷೆ ಇದೆಯೆಂದು ಗೊತ್ತಿದ್ದೇ ಮೊದಲೇ ನಿಲ್ಲಿಸಿದರು. ಹೆರಾಯಿನ್ ಕುರುಹು ಮೂತ್ರದಲ್ಲಿ ಉಳಿಯುವುದು ಎರಡು ಮೂರು ದಿನ. ಪರೀಕ್ಷೆಯ ತಾರೀಕು ಗೊತ್ತಿದ್ದ ವಿದ್ಯಾರ್ಥಿ ಹಿಂದಿನ ರಾತ್ರಿ ಓದಿ ಪಾಸಾದಂತೆ. ಆದರೆ ತಿರುಗಿಸಿ ನೋಡಿದರೆ, ಗೊತ್ತಿದ್ದೂ ನಿಲ್ಲಿಸಲಾಗದೆ ಸಿಕ್ಕಿಬಿದ್ದವರೇ ನಿಜವಾಗಿ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡವರು.

ಊರಿಗೆ ಬಂದ ಮೇಲೆ? ಚಟವಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ಚಟಕ್ಕೆ ಬಿದ್ದವರು ಶೇ. 5. 200ರ ಶೇ. 5 ಎಂದರೆ 10. ಸಾವಿರದಲ್ಲಿ 10 ಎಂದರೆ ಶೇ. 1. ಪುಸ್ತಕದ ಶೇ. 5 ಮತ್ತು ಶೇ. 1 ಎರಡೂ ಅದೇ ಹತ್ತು ಜನ, ಛೇದ ಮಾತ್ರ ಬೇರೆ. ಇಷ್ಟು ಹೊಳೆದ ಮೇಲೆ ಉಳಿದದ್ದೆಲ್ಲ ಸಲೀಸು.

ಪಾಸಿಟಿವ್ ಗುಂಪಿನಲ್ಲಿ ಊರಿಗೆ ಬಂದ ಮೇಲೆ ಅವಲಂಬನೆಯ ಲಕ್ಷಣ ಕಂಡದ್ದು ಶೇ. 7. ನೂರರಲ್ಲಿ 7. ಅಳತೆಗೋಲು ತುಸು ಬೇರೆಯಾದ್ದರಿಂದ ಕಣ್ಣಂದಾಜು ಎಂದುಕೊಂಡೇ ಹೋಲಿಸಿ: ಮರಳಿ ಬಿದ್ದ ಹತ್ತರಲ್ಲಿ ಏಳು ಮಂದಿಯ ಹತ್ತಿರ ಆ ಗೇಟಿನಲ್ಲಿ ಸಿಕ್ಕ ನೂರರೊಳಗಿನವರೇ. ಎಷ್ಟು ಮಂದಿಗೆ ಚಟವಿದೆ ಎಂದು ಎಣಿಸಲು ಸಾಲದ ಪರೀಕ್ಷೆ, ಯಾರ ಮೇಲೆ ಗಮನ ಇಡಬೇಕು ಎಂದು ಹೇಳುವುದಕ್ಕೆ ಪರವಾಗಿಲ್ಲ.

ಎರಡು ಗುಂಪನ್ನೂ ಕೂಡಿಸಿ ಸರಾಸರಿ ತೆಗೆಯಬಾರದು ಎನ್ನುವುದೂ ಇದಕ್ಕೇ. ಶೇ. 20 ಮತ್ತು ಶೇ. 75ರ ನಡುವೆ ಹಾಕಿದರೆ 'ಅರ್ಧಕ್ಕರ್ಧ ಸೈನಿಕರು ವ್ಯಸನಿಗಳು' ಎಂಬ ಉತ್ತರ ಬರುತ್ತದೆ. ನಿಜದಲ್ಲಿ ಹತ್ತರಲ್ಲಿ ಒಂದಾದ ಪಾಸಿಟಿವ್ ಗುಂಪು ಅಧ್ಯಯನದಲ್ಲಿ ಅರ್ಧ ಜಾಗ ಹಿಡಿದಿದೆ. ಬೇಕೆಂದೇ ಹಾಗೆ ಆರಿಸಿದ್ದು.

ಹಾಗಾದರೆ ಚಿಕಿತ್ಸೆ ಬೇಡವೇ?

ಚಟವಿದ್ದವರಲ್ಲಿ ಅರ್ಧದಷ್ಟು ಮಂದಿ ಊರಲ್ಲೂ ಹೆರಾಯಿನ್ ಮುಟ್ಟಿದರು. ಆದರೂ ಮೂರು ವರ್ಷದಲ್ಲಿ ಸ್ವಲ್ಪ ಕಾಲಕ್ಕಾದರೂ ಮತ್ತೆ ಚಟಕ್ಕೆ ಬಿದ್ದವರು ಶೇ. 12. ಇದನ್ನು ಓದಿ 'ತಾನಾಗಿ ಬಿಡುತ್ತದೆ' ಎಂದು ಬರೆಯುವವರಿದ್ದಾರೆ. ಆದರೆ ಈ ಸೈನಿಕರ ಸ್ಥಿತಿಯೇ ಬೇರೆ. ವಿಯೆಟ್ನಾಂಗೆ ಹೋಗುವ ಮೊದಲು ಇವರಲ್ಲಿ ಅಫೀಮು ಜಾತಿಯ ಚಟವಿದ್ದವರು ಶೇ. 1ಕ್ಕಿಂತ ಕಡಿಮೆ. ಸೇವೆಯ ಅವಧಿ ಒಂದೇ ವರ್ಷ. ಊರಲ್ಲಿ ಸರಕು ದುಬಾರಿ, ಕಲಬೆರಕೆ, ಸೇದಿದರೆ ಸಾಲದು, ಸೂಜಿ ಬೇಕು. ಆಸ್ಪತ್ರೆಗೆ ಬರುವ ರೋಗಿ ಇಂಥವನಲ್ಲ. ತಾನಾಗಿ ಬಿಡಲಾಗದವನು ಮಾತ್ರ ಅಲ್ಲಿಗೆ ಬರುತ್ತಾನೆ. ಆ 190 ಜನರನ್ನು ತೋರಿಸಿ ಈ 10 ಜನರಿಗೆ ಚಿಕಿತ್ಸೆ ಬೇಡ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಪರೀಕ್ಷೆ ಮುಟ್ಟದ ಬಾಟಲಿ

1981ರ ಮೇ 26ರಂದು ಅಮೆರಿಕದ ನಿಮಿಟ್ಜ್ ವಿಮಾನವಾಹಕ ಹಡಗಿನ ಮೇಲೆ ವಿಮಾನ ಅಪ್ಪಳಿಸಿ 14 ಮಂದಿ ಸತ್ತರು. ಸತ್ತ ಸಿಬ್ಬಂದಿಯಲ್ಲಿ ಕೆಲವರ ದೇಹದಲ್ಲಿ ಗಾಂಜಾ ಕುರುಹು ಸಿಕ್ಕಿತು. ಅದೇ ಕಾರಣವೆಂದು ನೌಕಾಪಡೆ ಹೇಳದಿದ್ದರೂ, ಹಠಾತ್ ಮೂತ್ರ ಪರೀಕ್ಷೆಯ ಯುಗ ಬಿರುಸಾದದ್ದು ಅದರ ನಂತರವೇ. ರಕ್ಷಣಾ ಇಲಾಖೆಯ ಸಮೀಕ್ಷೆಯಲ್ಲಿ ಹಿಂದಿನ 30 ದಿನದಲ್ಲಿ ಅಕ್ರಮ ಮಾದಕ ಬಳಸಿದವರು 1980ರಲ್ಲಿ ಶೇ. 27.6 ಇದ್ದದ್ದು 1992ಕ್ಕೆ ಶೇ. 3.4ಕ್ಕೆ ಇಳಿಯಿತು. (ಹೇಗೆ: ಹೆಸರಿಲ್ಲದ ಪ್ರಶ್ನಾವಳಿ.) ಕುಡಿತ ಹಾಗೆ ಇಳಿದು ನಿಲ್ಲಲಿಲ್ಲ, ನಡುವೆ ತುಸು ತಗ್ಗಿ ಮತ್ತೆ ಏರಿತು. ವಿಪರೀತ ಕುಡಿಯುವವರು 1980ರಲ್ಲೂ ಐದರಲ್ಲಿ ಒಬ್ಬರು, 2008ರಲ್ಲೂ ಐದರಲ್ಲಿ ಒಬ್ಬರು. ಮಾದಕದ ಪರೀಕ್ಷೆ ಮದ್ಯವನ್ನು ಹುಡುಕುವುದೇ ಇಲ್ಲವಲ್ಲ. ನಮ್ಮಲ್ಲೂ ಮಾಜಿ ಸೈನಿಕರಿರುವ ಮನೆಯವರಿಗೆ ಮಿಲಿಟರಿ ಕ್ಯಾಂಟೀನಿನ ರಮ್ ವಿಚಾರ ನಾನು ಹೇಳಬೇಕಿಲ್ಲ.

ಜಾಫಿ ಕೋರ್ಟ್ ಮಾರ್ಷಲ್ ತಪ್ಪಿಸಿದ್ದನ್ನು ಈಗ ನೆನಪಿಸಿಕೊಳ್ಳಿ. ಸಹಾಯ ಕೇಳಿದರೆ ಕಮಾಂಡರ್‌ಗೆ ಗೊತ್ತಾಗುತ್ತದೆ, ಬಡ್ತಿ ಹೋಗುತ್ತದೆ ಎಂಬ ಭಯವಿದ್ದರೆ ಸೈನಿಕ ಬಾಯಿ ಬಿಡುವುದಿಲ್ಲ. ಸಿಕ್ಕಿಬೀಳುವ ಮೊದಲೇ ತಾನಾಗಿ ಬಂದವನ ಮಾತನ್ನು ಅವನ ವಿರುದ್ಧ ಸಾಕ್ಷ್ಯ ಮಾಡದ 'ಸೀಮಿತ ಬಳಕೆ' ನಿಯಮ ಅಮೆರಿಕದ ಭೂಸೇನೆಯಲ್ಲಿ ಇದೆ. ಆದರೂ ಚಿಕಿತ್ಸೆಗೆ ಸೇರಿದ್ದು ಕಮಾಂಡರ್‌ಗೆ ತಿಳಿಯುತ್ತಿತ್ತು. 2012ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಗೋಪ್ಯ ಚಿಕಿತ್ಸೆ ಮತ್ತು ಔಷಧಿ ಎರಡನ್ನೂ ಒತ್ತಿ ಹೇಳಿತು. ಸೈನಿಕರ ಆರೋಗ್ಯ ವಿಮೆ ಟ್ರೈಕೇರ್, ಅಫೀಮು ಜಾತಿಯ ಚಟಕ್ಕೆ ಕೊಡುವ ಬುಪ್ರೆನಾರ್ಫಿನ್‌ನಂಥ ಔಷಧಿಯನ್ನು ದೀರ್ಘಕಾಲ ಕೊಡಲು ಒಪ್ಪಿದ್ದು 2013ರ ನಿಯಮದಿಂದ. ಮದ್ಯದ ತೊಂದರೆಗೆ ತಾನಾಗಿ ಬಂದವನನ್ನು ಕಡ್ಡಾಯ ಕಾರ್ಯಕ್ರಮಕ್ಕೆ ಸೇರಿಸದೆ ನೋಡಿಕೊಳ್ಳಬಹುದು ಎಂದು ಭೂಸೇನೆ ಆದೇಶಿಸಿದ್ದು 2019ರಲ್ಲಿ.

ಮದ್ಯಕ್ಕೆ ಬಳಸುವ ಆಡಿಟ್-ಸಿ ತಪಾಸಣೆ ನಿಮಗೆಲ್ಲ ಗೊತ್ತಿರುವುದೇ: ಮೂರು ಪ್ರಶ್ನೆ, ಒಟ್ಟು 12 ಅಂಕ, ಗಂಡಸರಿಗೆ 4, ಹೆಂಗಸರಿಗೆ 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತದ ತೊಂದರೆಯ ಸೂಚನೆ. ಉತ್ತರದಲ್ಲಿ ಇದನ್ನು ಬರೆದರೆ, 'ಹೇಗೆ ಗೊತ್ತಾಯಿತು' ಎಂಬ ಜಾಗದಲ್ಲಿ 'ಸೈನಿಕನೇ ಹೇಳಿದ್ದು, ಯಾರ ಮುಂದೆ ಹೇಳಿದ ಎಂಬುದೂ ಮುಖ್ಯ' ಎಂದು ಸೇರಿಸಿ.