ಚೌತಿ ಹತ್ತಿರ ಬಂತು, ನಾಯಿ ಕಾಲೆತ್ತಿತು

ಪ್ರತಿ ವರ್ಷ ಚೌತಿಯ ಆಚೀಚೆ ಹದಿನೈದು ದಿನ ನನಗೆ ಒಂದೇ ತರದ ಫೋನು. "ಡಾಕ್ಟ್ರೆ, ಇಷ್ಟು ದಿನ ಸರಿಯಾಗೇ ಇತ್ತು. ಈಗ ಮನೆ ಒಳಗೇ ಉಚ್ಚೆ ಹೊಯ್ತದೆ." ಕಳೆದ ಸಲ ಶಿರಸಿ ಹತ್ತಿರದ ಹಳ್ಳಿಯಿಂದ ಬಂದ ಫೋನಿನಲ್ಲಿ ಗಂಡ ಹೇಳಿದ್ದನ್ನು ಹೆಂಡತಿ ಹಿಂದಿನಿಂದ ತಿದ್ದುತ್ತಿದ್ದರು. "ಒಳಗೆ ಅಂದ್ರೆ ಎಲ್ಲಿ ಅಂತ ಹೇಳಿ. ಮಂಟಪದ ಕಾಲಿಗೆ!" ಗಣಪತಿ ಇನ್ನೂ ಮನೆಗೆ ಬಂದಿರಲಿಲ್ಲ. ಅದೊಂದು ಪುಣ್ಯ.

ಹೋಗಿ ನೋಡಿದೆ. ಒಂದೂವರೆ ವರ್ಷದ ಗಂಡು, ಅರ್ಧ ಊರನಾಯಿ, ಅರ್ಧ ಲ್ಯಾಬ್ರಡಾರ್. ಜಗಲಿಯ ಒಂದು ಮೂಲೆಯಲ್ಲಿ ರೇಟು ಬರಲಿ ಅಂತ ಮಾರದೆ ಇಟ್ಟ ಚಾಲಿ ಅಡಿಕೆಯ ಚೀಲಗಳು. ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ನೆಂಟರ ಮೂರು ಬ್ಯಾಗು. ನಾವು ಚಹಾ ಕುಡಿಯುತ್ತಿದ್ದಾಗಲೇ ಅದು ಬಂತು. ಬ್ಯಾಗನ್ನು ಮೂಸಿತು, ಅರ್ಧ ತಿರುಗಿತು, ಕಾಲೆತ್ತಿತು, ಎರಡು ಚಮಚದಷ್ಟು ಬಿಟ್ಟಿತು. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ನಮ್ಮ ಕಡೆ ನೋಡಿ ಬಾಲ ಅಲ್ಲಾಡಿಸಿತು. "ನೋಡಿ, ಬೇಕು ಅಂತಲೇ ಮಾಡ್ತದೆ" ಅಂದರು ಯಜಮಾನರು.

ಬೇಕು ಅಂತಲೇ ಮಾಡುವುದು ನಿಜ. ಆದರೆ ಸೇಡಿಗಲ್ಲ. ಮೂತ್ರ ಅಂದರೆ ನಾಯಿಗೆ ಸಹಿ ಹಾಕಿದ ಹಾಗೆ. ನಾನು ಯಾರು, ಗಂಡೋ ಹೆಣ್ಣೋ, ಯಾವಾಗ ಇಲ್ಲಿದ್ದೆ, ಎಲ್ಲವೂ ಅದರ ವಾಸನೆಯಲ್ಲಿ ಇರುತ್ತದೆ. ಮನೆಗೆ ಹೊಸ ವಾಸನೆ ಬಂತು, ಇವನು ತನ್ನ ಸಹಿ ಹಾಕಿದ. ಆ ಬ್ಯಾಗಿನವರ ಮನೆಯಲ್ಲೂ ಒಂದು ಗಂಡುನಾಯಿ ಇದೆ ಅಂತ ಆಮೇಲೆ ಗೊತ್ತಾಯಿತು. ಇದರಲ್ಲಿ ನನ್ನ ಮರ್ಯಾದೆಯೂ ಒಮ್ಮೆ ಹೋಗಿದೆ. ದಿನವಿಡೀ ಹತ್ತಾರು ನಾಯಿ ಮುಟ್ಟಿ ಮನೆಗೆ ಹೋದಾಗ ನನ್ನ ಸ್ವಂತ ನಾಯಿಯೇ ನನ್ನ ಔಷಧಿ ಬ್ಯಾಗಿಗೆ ಕಾಲೆತ್ತಿತ್ತು. ಬೈಕಿನ ಟೈರು ಕಂಡರೆ ನಾಯಿಗಳಿಗೆ ಅಷ್ಟು ಪ್ರೀತಿ ಯಾಕೆ ಅಂದರೆ ಇದೇ ಕಾರಣ. ಊರಿನ ನಾಯಿಗಳ ವಾಸನೆಯೆಲ್ಲ ಅಲ್ಲಿ ಅಂಟಿರುತ್ತದೆ.

ಚೌತಿಗೇ ಯಾಕೆ ಜಾಸ್ತಿ? ಕಾರ್ತಿಕದ ನಾಯಿ ಅಂತ ನಾವು ಬಯ್ಯುವುದುಂಟು. ಆದರೆ ನಮ್ಮ ಬೀದಿನಾಯಿಗಳ ಸಂಭ್ರಮ ಮಳೆ ಇಳಿಯುವ ಹೊತ್ತಿಗೇ, ಭಾದ್ರಪದದಲ್ಲೇ ಶುರುವಾಗಿರುತ್ತದೆ. ದಣಪೆಯ, ಅಂದರೆ ಬೇಲಿಯ ಬಾಗಿಲಿನ ಆಚೆ ಬೆದೆಗೆ ಬಂದ ಹೆಣ್ಣುನಾಯಿ ಓಡಾಡಿದರೆ ಸಾಕು, ಒಳಗಿರುವ ಗಂಡಿಗೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಅದೇ ವಾರ ಮನೆ ತುಂಬ ನೆಂಟರು, ಹೊಸ ಸಾಮಾನು, ಗಲಾಟೆ. ಮೇಲೆ ಜಡಿಮಳೆ ಬಿದ್ದರೆ ತಿರುಗಾಟವೂ ಇಲ್ಲ. ಕಾಲೆತ್ತದೆ ಇನ್ನೇನು ಮಾಡುತ್ತದೆ ಹೇಳಿ.

ಆದರೆ ಮನೆಯೊಳಗಿನ ಉಚ್ಚೆಯೆಲ್ಲ ಗುರುತು ಹಾಕುವುದಲ್ಲ. ನಾನು ಮೊದಲು ಕೇಳುವುದು ಎಷ್ಟು, ಎಲ್ಲಿ ಅಂತ. ಸ್ವಲ್ಪವೇ, ಗೋಡೆ, ಕಂಬ, ಬಾಗಿಲ ಚೌಕಟ್ಟು, ಚೀಲ ಇಂಥ ನಿಂತ ವಸ್ತುವಿಗೆ, ದಿನಕ್ಕೆ ಹಲವು ಸಲ ಅಂದರೆ ಗುರುತು. ನೆಲದ ನಡುವೆ ಕೆರೆ ಮಾಡಿದ್ದರೆ ಅದು ತಡೆಯಲಾಗದೆ ಮಾಡಿದ್ದು. ಯಜಮಾನ ಬಂದಾಗ ಖುಷಿಗೋ ಹೆದರಿಕೆಗೋ ಮುದುಡಿ ಹನಿಸುವುದು ಇನ್ನೊಂದು ಬಗೆ. ಜಾಸ್ತಿ ನೀರು ಕುಡಿಯುವುದು, ಮುಕ್ಕರಿಯುವುದು, ಮೂತ್ರದಲ್ಲಿ ರಕ್ತ ಕಂಡರೆ ಈ ಲೇಖನ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಬನ್ನಿ. ಸೋಂಕು, ಮೂತ್ರದ ಕಲ್ಲು, ಸಕ್ಕರೆ ಕಾಯಿಲೆ, ವಯಸ್ಸಾದ ಗಂಡಿಗೆ ಪ್ರಾಸ್ಟೇಟ್ ದಪ್ಪ ಆಗುವುದು, ಏನೂ ಇರಬಹುದು. ನಮ್ಮ ಮಳೆಗಾಲದಲ್ಲಿ ಇಲಿಜ್ವರವನ್ನೂ ಮರೆಯುವಂತಿಲ್ಲ. ಅದು ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ. ಹಾಗಾಗಿ ಬರಿಗೈಯಲ್ಲಿ ಒರೆಸಬೇಡಿ.

ಇನ್ನು ಶುಚಿ. ನನ್ನ ಪ್ರಕಾರ ಅರ್ಧ ಜನ ಸೋಲುವುದು ಇಲ್ಲೇ. ಮೊದಲ ದಿನ ಎಲ್ಲರೂ ಮಾಡುವುದು ಒಂದೇ: ಫಿನಾಯಿಲ್ ಸುರಿಯುವುದು. ನಮ್ಮ ಮೂಗಿಗೆ ವಾಸನೆ ಹೋಯಿತು. ನಾಯಿಗೆ ಅದರ ಅಡಿಯಲ್ಲಿ ತನ್ನ ಸಹಿ ಇನ್ನೂ ಚೆನ್ನಾಗಿಯೇ ಸಿಗುತ್ತದೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಮೂತ್ರದ್ದೇ ವಾಸನೆ, ಕರೆದು ಕೂರಿಸಿದ ಹಾಗೆ. ಬ್ಲೀಚಿಂಗ್ ಪುಡಿಯನ್ನು ಹಸಿ ಮೂತ್ರದ ಮೇಲೆ ಹಾಕಬೇಡಿ, ಕೆಟ್ಟ ಗಾಳಿ ಏಳುತ್ತದೆ. ಕರಿ ಫಿನಾಯಿಲ್ ಕಾಲಿಗೆ ಅಂಟಿ ನಾಯಿ ನೆಕ್ಕಿದರೆ ಅದೂ ವಿಷವೇ.

ಬೇಕಾದದ್ದು ವಾಸನೆಯನ್ನು ಮುಚ್ಚದೆ ಮೂತ್ರದ ಅಂಶವನ್ನೇ ಒಡೆಯುವ ಎನ್‌ಜೈಮ್ ಕ್ಲೀನರ್. ನಾಯಿ ಸಾಮಾನಿನ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಮೊದಲು ಬರೀ ನೀರಿನಲ್ಲಿ ತೊಳೆದು, ಆಮೇಲೆ ಇದನ್ನು ಧಾರಾಳವಾಗಿ ಹಾಕಿ. ಹಾಕಿದ ಕೂಡಲೇ ಒರೆಸಬೇಡಿ. ಕಾಲು ಗಂಟೆಯಾದರೂ ಒದ್ದೆಯಾಗಿಯೇ ಇರಲಿ. ಅದಕ್ಕೆ ಮೊದಲು ಫಿನಾಯಿಲ್ ಹಾಕಿದ್ದರೆ ಎನ್‌ಜೈಮ್ ಕೆಲಸ ಮಾಡದೆ ಹೋಗಬಹುದು. ನಮ್ಮ ಕಡೆಯ ಚಿರೆಕಲ್ಲಿನ ಗೋಡೆ ಇನ್ನೊಂದು ತಲೆನೋವು. ಗಿಲಾವು ಇಲ್ಲದ ಕಲ್ಲು ಸ್ಪಂಜಿನ ಹಾಗೆ ಹೀರುತ್ತದೆ. ಮೇಲಿನಿಂದ ಒರೆಸಿದರೆ ಸಾಲದು, ಎರಡು ಮೂರು ದಿನ ಮತ್ತೆ ಮತ್ತೆ ನೆನೆಸಬೇಕು. ತುರ್ತಿಗೆ ವಿನೆಗರ್ ನೀರು ಆದೀತು. ಆದರೆ ರೆಡ್ ಆಕ್ಸೈಡ್ ನೆಲಕ್ಕೆ, ಮಾರ್ಬಲ್ಲಿಗೆ ಬೇಡ, ಕಲೆ ನಿಲ್ಲುತ್ತದೆ. ಗೋಣಿಚೀಲಕ್ಕೆ ಮೂತ್ರ ಹಿಡಿದಿದ್ದರೆ ಉಳಿಸುವ ಆಸೆ ಬಿಡಿ, ಅಡಿಕೆ ಬೇರೆ ಚೀಲಕ್ಕೆ ಹಾಕಿ. ಎಲ್ಲೆಲ್ಲಿ ಹೊಯ್ದಿದೆ ಅಂತ ಗೊತ್ತಾಗದಿದ್ದರೆ ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಬಿಟ್ಟು ನೋಡಿ. ಆ ಮನೆಯಲ್ಲಿ ಹಾಗೆ ನೋಡಿದಾಗ ನೆಂಟರ ಹಾಸಿಗೆಯ ಅಂಚೂ ಹೊಳೆಯಿತು. ಮನೆಯವರು ಅದನ್ನು ನೆಂಟರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಶುಚಿ ಆದ ಜಾಗದಲ್ಲಿ ನಾಯಿಯ ಊಟದ ತಟ್ಟೆ ಇಡಿ. ಉಣ್ಣುವ, ಮಲಗುವ ಜಾಗಕ್ಕೆ ಕಾಲೆತ್ತುವುದು ಕಡಿಮೆ. ಹೊಸ ಸಾಮಾನು, ನೆಂಟರ ಚೀಲ ಎಲ್ಲ ಮೆತ್ತಿಗೋ ಕಪಾಟಿಗೋ ಏರಲಿ. ಎರಡು ಮೂರು ವಾರ ನಾಯಿ ಕಣ್ಣಳತೆಯಲ್ಲೇ ಇರಲಿ. ನೀವು ಒಳಗೆ ಓಡಾಡುವಾಗ ಹಗ್ಗ ಕೈಯಲ್ಲಿರಲಿ, ಇಲ್ಲವೇ ಸೊಂಟಕ್ಕೆ ಕಟ್ಟಿಕೊಳ್ಳಿ. ಮೂಸುತ್ತ ತಿರುಗಲು ಶುರು ಮಾಡಿತೋ, "ಬಾ ಬಾ" ಅಂತ ಕರೆದು ಹೊರಗೆ ನಡೆಸಿ. ಅಂಗಳದ ತುದಿಯಲ್ಲಿ ಒಂದು ಮರದ ತುಂಡು ನೆಟ್ಟು ಅದೇ ಅದರ ಕಂಬ ಅಂತ ಬಿಟ್ಟುಕೊಡಿ. ಅಲ್ಲಿ ಕಾಲೆತ್ತಿದ ಕ್ಷಣಕ್ಕೇ ಒಂದು ತುಂಡು ತಿಂಡಿ. ಒಳಗೆ ಬಂದ ಮೇಲೆ ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಕೊಟ್ಟ ಹಾಗೆ. ಮಳೆ ಇದ್ದರೆ ಕೊಡೆ ಹಿಡಿದೇ ಹೋಗಿ. ಬೇಗ ಮುಗಿಸು ಅಂತ ಎಳೆಯಬೇಡಿ. ಮೂಸುವುದು ಅದಕ್ಕೆ ಪೇಪರ್ ಓದಿದ ಹಾಗೆ.

ಹೊಡೆಯುವುದು, ಉಚ್ಚೆಗೆ ಮೂಗು ಉಜ್ಜುವುದು ಬೇಡವೇ ಬೇಡ. ಐದು ನಿಮಿಷದ ಹಿಂದಿನ ತಪ್ಪಿಗೆ ಈಗ ಹೊಡೆದರೆ ನಾಯಿ ಕಲಿಯುವುದು ಒಂದೇ: ನೀವಿಲ್ಲದಾಗ, ಸೋಫಾದ ಹಿಂದೆ ಹೋಗಿ ಮಾಡುವುದು. ಗೇಟಿಗೆ ಬಣ್ಣದ ನೀರಿನ ಬಾಟಲಿ ಕಟ್ಟುವ ಬಗ್ಗೆ ಕಾರವಾರದಿಂದ ಒಬ್ಬರು ಕೇಳಿದ್ದರು. ಆ ಬಾಟಲಿಗೇ ಕಾಲೆತ್ತಿದ್ದನ್ನು ಕಣ್ಣಾರೆ ಕಂಡವನು ನಾನು. ಹೊಟ್ಟೆಪಟ್ಟಿ ಅಂತ ಬರುತ್ತದೆ, ಸೊಂಟಕ್ಕೆ ಸುತ್ತುವ ಡೈಪರ್. ಗೋಡೆ ಉಳಿಯುತ್ತದೆ, ಅಭ್ಯಾಸ ಹೋಗುವುದಿಲ್ಲ. ಕರಾವಳಿಯ ಸೆಕೆಗೆ ಒದ್ದೆ ಪಟ್ಟಿ ಬಿಟ್ಟರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಆಗಾಗ ಬದಲಿಸಬೇಕು.

ಕೊನೆಗೆ ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವುದು ಆಪರೇಷನ್. ಬೀಜ ತೆಗೆಸಿದರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಲ್ಲಿ ಈ ಚಟ ಚೆನ್ನಾಗಿ ಇಳಿಯುತ್ತದೆ. ಪೂರ್ತಿ ನಿಲ್ಲುವುದು ಎಲ್ಲದರಲ್ಲೂ ಇಲ್ಲ. ಹಾರ್ಮೋನು ಒಂದೆರಡು ದಿನದಲ್ಲೇ ಕುಸಿಯುತ್ತದೆ, ಅಭ್ಯಾಸಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಹಾಗಾಗಿ ಹೊಲಿಗೆ ಬಿಚ್ಚಿದ ದಿನವೇ "ಇನ್ನೂ ಹೊಯ್ತದಲ್ಲ" ಅಂತ ಫೋನ್ ಮಾಡಬೇಡಿ. ಸಣ್ಣ ನಾಯಿಗೆ ಆರೇಳು ತಿಂಗಳಿಗೆ ಮಾಡಬಹುದು. ದೊಡ್ಡ ತಳಿಗೆ ವರ್ಷ ದಾಟಲಿ ಅಂತ ನಾನು ಕಾಯುತ್ತೇನೆ, ಮೂಳೆ ಬೆಳೆಯಬೇಕಲ್ವಾ. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಹುಳ ಬೀಳುವ ಭಯ ಜಾಸ್ತಿ. ಅವಸರ ಇಲ್ಲದಿದ್ದರೆ ದೀಪಾವಳಿ ಕಳೆಯಲಿ ಅನ್ನುತ್ತೇನೆ. ಗಂಡಸುತನ ಹೋಗುತ್ತದೆ, ಕಾವಲು ಕಾಯುವುದಿಲ್ಲ ಅನ್ನುವವರಿದ್ದಾರೆ. ಆಪರೇಷನ್ ಆದ ನಾಯಿಯೂ ಅಪರಿಚಿತರಿಗೆ ಬೊಗಳುತ್ತದೆ. ಊಟ ಸ್ವಲ್ಪ ಕಡಿಮೆ ಹಾಕಿ, ಇಲ್ಲದಿದ್ದರೆ ದಪ್ಪ ಆಗುತ್ತದೆ, ಅಷ್ಟೇ. ಮನೆಯಲ್ಲೇ ಹೆಣ್ಣುನಾಯಿ ಇದ್ದರೆ ಅದಕ್ಕೂ ಮಾಡಿಸಿ.

ಆ ಚಾಲಿ ಚೀಲದ ಮನೆಯವರು ಡಿಸೆಂಬರಿನಲ್ಲಿ ಆಪರೇಷನ್ ಮಾಡಿಸಿದರು. ಗೋಡೆ ತೊಳೆದಿದ್ದರು, ಕಂಬ ನೆಟ್ಟಿದ್ದರು, ತಿಂಡಿಯ ಡಬ್ಬಿ ದಣಪೆಯ ಹತ್ತಿರವೇ ಇಟ್ಟಿದ್ದರು. ಶಿವರಾತ್ರಿ ಹೊತ್ತಿಗೆ ಜಗಲಿ ಒಣಗಿತ್ತು. ಮೊನ್ನೆ ಯಜಮಾನರು ಪೇಟೆಯಲ್ಲಿ ಸಿಕ್ಕಿದ್ದರು. ಒಳಗೆ ಈಗ ಏನೂ ಇಲ್ಲವಂತೆ. ಬೆಂಗಳೂರಿನ ಭಾವ ಬಂದಾಗ ಮಾತ್ರ ಅವರ ಚಪ್ಪಲಿಯನ್ನು ತಪ್ಪದೆ ಗೂಟಕ್ಕೆ ನೇತು ಹಾಕುತ್ತಾರಂತೆ.