ಊತ ಇಳಿದ ಮೊಣಕಾಲು, ಮುಗಿಯದ ಪ್ರಶ್ನೆ

ಪ್ರಶ್ನೆ: ಕಬಡ್ಡಿ ಆಡುವಾಗ ಮಗನ ಮೊಣಕಾಲು ತಿರುಚಿ ‘ಟಪ್’ ಎಂದು ಸದ್ದಾಯಿತು. ಸಂಜೆಯೊಳಗೆ ಊದಿಕೊಂಡಿತು. ಎಕ್ಸ್‌-ರೇಯಲ್ಲಿ ಏನೂ ಇಲ್ಲ, ಈಗ ಊತ ಇಳಿದು ಚೆನ್ನಾಗಿ ನಡೆಯುತ್ತಾನೆ. ಮತ್ತೆ ಆಡಿಸಬಹುದೇ?

ಉತ್ತರ: ಪರೀಕ್ಷೆ ಮಾಡಿಸದೆ ಆಡಿಸಬೇಡಿ. ಆಟದ ಹೆಸರು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ. ತಿರುಚಿದಾಗಿನ ಸದ್ದು ಮತ್ತು ಕೆಲವೇ ಗಂಟೆಗಳಲ್ಲಿ ಬಂದ ಊತ, ಇವೆರಡೂ ಜೊತೆಗಿದ್ದರೆ ಕೀಲಿನೊಳಗಿನ ಎಸಿಎಲ್ ಎಂಬ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿ) ಹರಿದಿರಬಹುದೆಂದು ಮೊದಲು ಶಂಕಿಸಬೇಕು.

‘ನಡೆಯಲು ಬಂದರೆ ಲಿಗಮೆಂಟ್ ಸರಿಯಿದೆ’ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಗದಂತೆ ತಡೆಯುವುದು ಎಸಿಎಲ್‌ನ ಕೆಲಸ. ನೇರ ನಡಿಗೆಗೆ ಅದರ ನೆರವು ಅಷ್ಟಾಗಿ ಬೇಕಿಲ್ಲ, ತೊಡೆಯ ಸ್ನಾಯುಗಳೇ ನಿಭಾಯಿಸುತ್ತವೆ. ಕಡಾಣಿ ಕಳಚಿದ ಗಾಡಿಯೂ ನಾಲ್ಕು ಮಾರು ನೇರ ದಾರಿಯಲ್ಲಿ ಹೋದೀತು. ರೇಡಿಗೆ ಹೋದವನು ಓಟದ ನಡುವೆ ಗಕ್ಕನೆ ತಿರುಗಿದಾಗಲೇ ಮೊಣಕಾಲು ಕೈಕೊಡುವುದು, ಹಾಗೆ ಕೈಕೊಟ್ಟಾಗಲೆಲ್ಲ ಒಳಗಿನ ಮೆತ್ತೆಯಂಥ ಮಿನಿಸ್ಕಸ್ ಕೂಡ ಹರಿಯಬಹುದು. ಇನ್ನು ಎಕ್ಸ್‌-ರೇ ತೋರಿಸುವುದು ಮೂಳೆಯನ್ನು, ಲಿಗಮೆಂಟನ್ನಲ್ಲ. ಊತವೆಂದರೆ ಹೆಚ್ಚಾಗಿ ಕೀಲಿನೊಳಗೆ ಸುರಿದ ರಕ್ತ; ದೇಹ ಅದನ್ನು ಹೀರಿಕೊಂಡಿತೆಂದರೆ ಹರಿದದ್ದು ಕೂಡಿತೆಂದು ಅರ್ಥವಲ್ಲ. ಉಳುಕು ತೆಗೆಯುವವರ ಎಣ್ಣೆ ನೀವುವಿಕೆಯಿಂದಲೂ ಅದು ಕೂಡುವುದಿಲ್ಲ. (ಇದನ್ನು ಓದಿದ ಮೇಲೂ ಕೆಲವರು ಯಾವ ಎಣ್ಣೆ ಎಂದು ಕೇಳುತ್ತಾರೆ.) ಮೂಳೆತಜ್ಞರು ಮೊಣಕಾಲನ್ನು ತುಸು ಮಡಚಿ ಕೆಳಗಾಲನ್ನು ಮುಂದಕ್ಕೆಳೆದು ನೋಡುತ್ತಾರೆ, ಅಗತ್ಯವಿದ್ದರೆ ಎಂಆರ್‌ಐ ಮಾಡಿಸುತ್ತಾರೆ.

ಹರಿದಿದ್ದರೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ, ಆದರೆ ಕಬಡ್ಡಿಗೆ ಮರಳುವವರಿಗೆ ಸಾಮಾನ್ಯವಾಗಿ ಅದನ್ನೇ ಸೂಚಿಸುತ್ತಾರೆ. ಬಳಿಕ ಕನಿಷ್ಠ 9 ತಿಂಗಳ ಪುನಶ್ಚೇತನ ಬೇಕು. 2023ರ ಅಕ್ಟೋಬರ್‌ನಲ್ಲಿ ಎಸಿಎಲ್ ಹರಿದುಕೊಂಡ ಫುಟ್‌ಬಾಲ್ ಆಟಗಾರ ನೇಮರ್ ಮತ್ತೆ ಮೈದಾನಕ್ಕಿಳಿದದ್ದು 2024ರ ಅಕ್ಟೋಬರ್‌ನಲ್ಲಿ.

ನೀವು ಮಗನ ಬಗ್ಗೆ ಕೇಳಿದಿರಿ. ಆಡುವ ಮಗಳಿದ್ದರೆ ಇನ್ನಷ್ಟು ಗಮನ ಬೇಕು, ಏಕೆಂದರೆ ತಿರುಗಿ ಜಿಗಿಯುವ ಆಟಗಳಲ್ಲಿ ಈ ಗಾಯ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು. ಸ್ಪೇನಿನ ಫುಟ್‌ಬಾಲ್ ಆಟಗಾರ್ತಿ ಅಲೆಕ್ಸಿಯಾ ಪುತೆಯಾಸ್ 2022ರ ಯೂರೋ ಟೂರ್ನಿಯನ್ನೇ ಇದರಿಂದ ಕಳೆದುಕೊಂಡರು. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲದಂತೆ, ಮಡಚಿಕೊಂಡೇ ನೆಲ ಮುಟ್ಟುವಂತೆ ಕಲಿಸುವ ವ್ಯಾಯಾಮವನ್ನು ಅಭ್ಯಾಸಕ್ಕೆ ಮೊದಲು ಸುಮಾರು 20 ನಿಮಿಷ ಮಾಡಿಸಿದರೆ ಅಪಾಯ ಗಣನೀಯವಾಗಿ ತಗ್ಗುತ್ತದೆ. ತರಬೇತುದಾರರು ಅದನ್ನು ಮಾಡಿಸುತ್ತಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ.