ಕೊಸೊವೊ ಇದ್ದೂ ತ್ಸಾನಾ ಅಲ್ಬೇನಿಯಾಕ್ಕೆ ಯಾಕೆ ಆಡಿದ?

ಪ್ರಶ್ನೆ: ಫುಟ್‌ಬಾಲ್ ಆಟಗಾರ ಲೋರಿಕ್ ತ್ಸಾನಾ ಹುಟ್ಟಿದ್ದು ಕೊಸೊವೊದ ರಾಜಧಾನಿ ಪ್ರಿಸ್ಟಿನಾದಲ್ಲಿ. ಕೊಸೊವೊ ತಂಡ ಬಿಟ್ಟು ಅಲ್ಬೇನಿಯಾ ಪರ ಆಡಿದ್ದೇಕೆ?

ಉತ್ತರ: ಮತ್ತೆ ಅದೇ ಪ್ರಶ್ನೆ! ಬಿಟ್ಟು ಹೋಗಲು ಮೊದಲು ತಂಡ ಅಂತ ಒಂದಿರಬೇಕಲ್ಲ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಅಲ್ಬೇನಿಯಾ ಪರ ಅವನ ಮೊದಲ ಪಂದ್ಯ 2003ರಲ್ಲಿ. ಕೊಸೊವೊ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದು 2008ರಲ್ಲಿ. ಆಮೇಲೂ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 2014ರ ಮಾರ್ಚ್‌ನಲ್ಲಿ ಹೈಟಿ ವಿರುದ್ಧ ಸೌಹಾರ್ದ ಪಂದ್ಯಕ್ಕೆ ಒಪ್ಪಿಗೆ ಕೊಟ್ಟಾಗಲೂ ಧ್ವಜ ಹಾರಿಸುವಂತಿಲ್ಲ, ರಾಷ್ಟ್ರಗೀತೆ ಹಾಡುವಂತಿಲ್ಲ ಎಂಬ ಷರತ್ತಿತ್ತು. ಪೂರ್ಣ ಸದಸ್ಯತ್ವ ಸಿಕ್ಕಿದ್ದು 2016ರ ಮೇನಲ್ಲಿ. ತ್ಸಾನಾನ ಕೊನೆಯ ಅಂತರರಾಷ್ಟ್ರೀಯ ಪಂದ್ಯ ಅದೇ ಜೂನ್‌ನಲ್ಲಿ. 13 ವರ್ಷ ಬೆಂಚಿನಲ್ಲಿ ಕೂತು ಕಾಯಬೇಕಿತ್ತೇನು? ಅವನ ಮನೆಯವರು ಅಲ್ಬೇನಿಯನ್ನರು, ಆಗ ಇದ್ದ ಅಲ್ಬೇನಿಯನ್ ತಂಡ ಒಂದೇ. ನಿವೃತ್ತಿಯ ಹೊತ್ತಿಗೆ ಆ ದೇಶದ ಪರ ಅತಿ ಹೆಚ್ಚು ಪಂದ್ಯ ಆಡಿದವನು ಅವನೇ. ಇನ್ನೂ ಆಡುತ್ತಿದ್ದ ಗೋಲ್‌ಕೀಪರ್ ಸಮೀರ್ ಉಯ್ಕಾನಿಯಂಥವರು ಅಲ್ಬೇನಿಯಾದಿಂದ ಕೊಸೊವೊಗೆ ಹೋದರು, ಅದು ಬೇರೆ ಮಾತು.

ಕ್ಲಬ್‌ಗಳ ಪಟ್ಟಿ ಬೇಕಿದ್ದವರಿಗೆ: ಪ್ಯಾರಿಸ್ ಸೇಂಟ್ ಜರ್ಮೇನ್, ಮಾರ್ಸೆ, ಸಂಡರ್‌ಲ್ಯಾಂಡ್, ಗಲಾಟಸರಾಯ್, ಲಾಜಿಯೊ, ನಾಂಟ್. 2005ರಲ್ಲಿ ಪ್ಯಾರಿಸ್ ಬಿಟ್ಟು ನೇರ ಬದ್ಧವೈರಿ ಮಾರ್ಸೆಗೆ ಹೋದ, ಅದೇ ಅಕ್ಟೋಬರ್‌ನಲ್ಲಿ ಪ್ಯಾರಿಸ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದ. ‘ಬಿಟ್ಟು ಹೋದ’ ಎಂದು ಬೈಯಲೇಬೇಕಾದರೆ ಆ ಹಕ್ಕು ಪ್ಯಾರಿಸ್‌ನವರಿಗಿದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: 2016ರ ಯೂರೋದಲ್ಲಿ (ಯುರೋಪಿನ ರಾಷ್ಟ್ರಗಳ ಚಾಂಪಿಯನ್‌ಶಿಪ್) ಮಾರ್ಸೆಯಲ್ಲೇ ನಡೆದ ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ, ಆ ಊರಿನ ಕ್ಲಬ್‌ಗೇ ನಾಯಕನಾಗಿದ್ದ ತ್ಸಾನಾ ಯಾಕಿರಲಿಲ್ಲ? ಮೊದಲ ಪಂದ್ಯ ಲಾನ್ಸ್‌ನಲ್ಲಿ, ಸ್ವಿಟ್ಜರ್ಲೆಂಡ್ ವಿರುದ್ಧ. ಆಗಲೇ ಒಂದು ಹಳದಿ ಕಾರ್ಡ್ ಪಡೆದಿದ್ದ. ಮೊದಲಾರ್ಧ ಮುಗಿಯುವ ಮುಂಚೆ ಕಾಲು ಜಾರಿ ಬಿದ್ದಾಗ, ಚೆಂಡು ಎದುರಾಳಿಯ ಪಾಲಾಗದಂತೆ ಕೈಯಿಂದ ತಡೆದ. ಎರಡನೇ ಹಳದಿ, ಅಂದರೆ ಕೆಂಪು; ಕೆಂಪು ಅಂದರೆ ಮುಂದಿನ ಪಂದ್ಯಕ್ಕೆ ನಿಷೇಧ. ಅವನಿಲ್ಲದ ತಂಡ 90ನೇ ನಿಮಿಷದವರೆಗೆ ಫ್ರಾನ್ಸನ್ನು ತಡೆದು, ಆಮೇಲೆ ಎರಡು ಗೋಲು ಬಿಟ್ಟುಕೊಟ್ಟಿತು. ರೊಮೇನಿಯಾವನ್ನು 1-0ರಿಂದ ಸೋಲಿಸಿದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದ. ಆದರೆ ಮೂರು ಅಂಕಕ್ಕೆ ಗೋಲು ವ್ಯತ್ಯಾಸ (ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದು ಕಳೆದರೆ) -2 ಆಗಿತ್ತು. ಗುಂಪುಗಳಲ್ಲಿ ಮೂರನೇ ಸ್ಥಾನ ಪಡೆದ ತಂಡಗಳ ಪೈಕಿ ಅಷ್ಟೇ ಅಂಕವಿದ್ದು ವ್ಯತ್ಯಾಸ ಸೊನ್ನೆಯಾಗಿದ್ದ ಉತ್ತರ ಐರ್ಲೆಂಡ್ ಮುಂದಿನ ಸುತ್ತಿಗೆ ಹೋಯಿತು, ಅಲ್ಬೇನಿಯಾ ಮನೆಗೆ ಹೋಯಿತು.